ಎಂಜಿನ್ನಿಗೆ ಜ್ವರ ಬಂದಾಗ

ಜ್ವರವು ರೋಗವಲ್ಲ, ರೋಗದ ಸುಳಿವು ಎಂಬುದು ವೈದ್ಯರ ಹಳೆಯ ಮಾತು. ಹಣೆಯ ಮೇಲೆ ತಣ್ಣೀರ ಪಟ್ಟಿಯನ್ನಿಟ್ಟರೆ ಮೈಯ ತಾಪ ಇಳಿದೀತು. ತಾಪಕ್ಕೆ ಕಾರಣವಾದುದು ಒಳಗೆ ಹಾಗೆಯೇ ಉಳಿದೀತು. ಪೆಟ್ರೋಲಿನಿಂದ ನಡೆಯುವ ಎಂಜಿನ್ನಿಗೂ ಈ ಮಾತು ಸಲ್ಲುತ್ತದೆ. ರಸ್ತೆಯ ಮೇಲೆ ಕಾರಿನ ಎಂಜಿನ್ ಕಾದರೆ ಚಾಲಕನು ಹುಣಸೆಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ, ಬಾನೆಟ್ ಎತ್ತಿಟ್ಟು, ಅದು ತಣಿಯುವಷ್ಟರಲ್ಲಿ ಒಂದು ಲೋಟ ಚಹ ಕುಡಿದು ಬರಬಹುದು. ಸಾವಿರ ಮೀಟರ್ ಎತ್ತರದಲ್ಲಿ ಒಂದೇ ಎಂಜಿನ್ನನ್ನು ನಂಬಿ ಹಾರುತ್ತಿರುವ ಪುಟ್ಟ ವಿಮಾನದ ಚಾಲಕನಿಗೆ ಅಂಥ ನೆರಳು ಎಲ್ಲಿಯೂ ಇಲ್ಲ. ಆದುದರಿಂದಲೇ ವಿಮಾನಗಳ ಲೋಕದಲ್ಲಿ ಎಂಜಿನ್ನಿನ ಬಿಸಿಯನ್ನು ಓದಿ ಅದರ ಮೂಲವನ್ನು ಹುಡುಕುವುದು ಒಂದು ವಿದ್ಯೆಯಾಗಿಯೇ ಬೆಳೆದಿದೆ.

ಗಡಿನಾಡಿನ ಓದುಗರಿಗೆ ಇದು ತೀರ ದೂರದ ವಿಷಯವೇನೂ ಅಲ್ಲ. ಹೊಸೂರಿನಿಂದ ತಳಿಗೆ ಹೋಗುವ ರಸ್ತೆಯ ಬೆಳಗೊಂಡಪಲ್ಲಿಯ ವಿಮಾನದಾಣದಲ್ಲಿ ತನೇಜಾ ಏರೋಸ್ಪೇಸ್ ಕಂಪನಿಯು ಇಟಲಿಯ ಪಾರ್ಟೆನಾವಿಯಾ ಸಂಸ್ಥೆಯ ಸಹಯೋಗದಿಂದ 1990ರ ದಶಕದಲ್ಲಿ ಪಿ–68 ಸಿ ಎಂಬ ಆರು ಆಸನಗಳ ವಿಮಾನವನ್ನು ಸಿದ್ಧಪಡಿಸಿತು. ಅದರ ಎರಡು ರೆಕ್ಕೆಗಳಲ್ಲಿಯೂ ಒಂದೊಂದು ಲೈಕಮಿಂಗ್ ಪಿಸ್ಟನ್ ಎಂಜಿನ್. ಒಂದೊಂದಕ್ಕೂ 200 ಅಶ್ವಶಕ್ತಿ. ಅದಕ್ಕೂ ಬಹಳ ಮೊದಲು, 1951ರಲ್ಲಿ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಎಚ್‌ಟಿ–2 ತರಬೇತಿ ವಿಮಾನವು ಗಾಳಿಯಿಂದ ತಣಿಯುವ ನಾಲ್ಕು ಸಿಲಿಂಡರುಗಳ ಎಂಜಿನ್ನಿನ ಬಲದಿಂದಲೇ ಮೇಲೆದ್ದಿತ್ತು. ಇಂದು ಹಾರಾಟ ತರಬೇತಿ ಶಾಲೆಗಳಲ್ಲಿ ಬಹಳವಾಗಿ ಕಾಣಸಿಗುವ ಸೆಸ್ನಾ 172 ವಿಮಾನದ ಎಂಜಿನ್ನೂ ಗಾಳಿಯಿಂದಲೇ ತಣಿಯುತ್ತದೆ. ವಿಮಾನ ನಡೆಸಲು ಕಲಿಯುವವರಾಗಲಿ ದುರಸ್ತಿ ಕಲಿಯುವವರಾಗಲಿ, ಅನೇಕರು ಮೊದಲು ಎದುರುಗೊಳ್ಳುವುದು ಇಂಥ ಎಂಜಿನ್ನನ್ನೇ.

ಬಿಸಿಯ ಜಮಾ–ಖರ್ಚು

ಎಂಜಿನ್ ಎಂದರೆ ಬಿಸಿಯನ್ನು ಕೆಲಸವಾಗಿ ಮಾರ್ಪಡಿಸುವ ಯಂತ್ರ. ಆದರೆ ಈ ಮಾರ್ಪಾಟಿನಲ್ಲಿ ಉಳಿಯುವುದಕ್ಕಿಂತ ಸೋರಿಹೋಗುವುದೇ ಹೆಚ್ಚು. ಸುಟ್ಟ ಇಂಧನದ ಶಕ್ತಿಯಲ್ಲಿ ಪ್ರೊಪೆಲರನ್ನು ತಿರುಗಿಸಲು ಒದಗುವುದು ಶೇಕಡಾ 25ರಿಂದ 30 ಮಾತ್ರ. ಶೇಕಡಾ 40ರಿಂದ 45ರಷ್ಟು ಉರಿದ ಅನಿಲದೊಡನೆ ಹೊಗೆಕೊಳವೆಯಿಂದ ಹೊರಗೆ ಹೋಗುತ್ತದೆ. ಶೇಕಡಾ 5ರಿಂದ 10ರಷ್ಟು ಘರ್ಷಣೆಯಲ್ಲಿ ಕಳೆದುಹೋಗುತ್ತದೆ. ಇನ್ನುಳಿದ ಶೇಕಡಾ 15ರಿಂದ 20ರಷ್ಟು ಶಾಖವು ಸಿಲಿಂಡರಿನ ಲೋಹದೊಳಕ್ಕೆ ಇಳಿಯುತ್ತದೆ. ಅದನ್ನು ಆಗಿಂದಾಗಲೇ ಹೊರಹಾಕದಿದ್ದರೆ ಎಂಜಿನ್ ಉಳಿಯಲಾರದು. ಸಿಲಿಂಡರಿನೊಳಗೆ ಉರಿಯುವ ಅನಿಲದ ತಾಪ 2000 ಡಿಗ್ರಿ ಸೆಲ್ಸಿಯಸ್‌ಗೂ ಮಿಗಿಲು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಆದರೂ ಅಲ್ಯೂಮಿನಿಯಂ ಮಿಶ್ರಲೋಹದ ಸಿಲಿಂಡರ್ ತಲೆ ಕರಗದೆ ಸಾವಿರಾರು ಗಂಟೆ ದುಡಿಯುತ್ತದೆ. ಜ್ವಾಲೆಯ ಆಯುಷ್ಯ ಕ್ಷಣದ ಅಂಶದಷ್ಟು ಚಿಕ್ಕದು. ಅದರ ಬೆನ್ನಿಗೇ ಹೊಸ ಗಾಳಿ, ಹೊಸ ಇಂಧನ ಒಳಬರುತ್ತವೆ. ಲೋಹಕ್ಕೆ ತಗುಲಿದ ಬಿಸಿಯನ್ನು ಹೊರಗಿನ ತೆಳುವಾದ ಫಿನ್ನುಗಳು ಗಾಳಿಗೆ ಒಪ್ಪಿಸುತ್ತಲೇ ಇರುತ್ತವೆ. ಮೋಟಾರು ಸೈಕಲಿನ ಸಿಲಿಂಡರಿನ ಸುತ್ತ ಪದರಪದರವಾಗಿ ಕಾಣುವವೂ ಇಂಥ ಫಿನ್ನುಗಳೇ.

ಮನುಷ್ಯನ ಹಾರಾಟದ ಚರಿತ್ರೆಯೊಡನೆ ಈ ಬಿಸಿಯ ಕಾಟವೂ ಹುಟ್ಟಿಬಂದಿದೆ. 1903ರಲ್ಲಿ ರೈಟ್ ಸಹೋದರರಿಗಾಗಿ ಚಾರ್ಲ್ಸ್ ಟೇಲರ್ ಎಂಬ ಕುಶಲಕರ್ಮಿ ಕಟ್ಟಿಕೊಟ್ಟ ಎಂಜಿನ್ ನೀರಿನಿಂದ ತಣಿಯುತ್ತಿತ್ತು. ಚಾಲೂ ಆದ ಮೊದಲ ಕೆಲವು ಕ್ಷಣ ಅದು ಸುಮಾರು 16 ಅಶ್ವಶಕ್ತಿ ಕೊಡುತ್ತಿತ್ತು. ಎಂಜಿನ್ ಕಾದು, ಒಳಗೆ ಬರುವ ಗಾಳಿಯೂ ಕಾದೊಡನೆ 12ಕ್ಕೆ ಇಳಿಯುತ್ತಿತ್ತು. ಕೆಲವು ವರ್ಷಗಳ ತರುವಾಯ ಫ್ರಾನ್ಸಿನ ಸೆಗೆನ್ ಸಹೋದರರು ತಮ್ಮ ನೋಮ್ ಎಂಜಿನ್ನಿನಲ್ಲಿ ಸಿಲಿಂಡರುಗಳನ್ನೇ ಪ್ರೊಪೆಲರಿನೊಡನೆ ಗಿರಗಿರನೆ ತಿರುಗುವಂತೆ ಮಾಡಿ ಗಾಳಿಯನ್ನು ಪಡೆದರು. 1928ರಲ್ಲಿ ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ ಫ್ರೆಡ್ ವೈಕ್ ಮತ್ತು ಜೊತೆಗಾರರು ಎಂಜಿನ್ನಿಗೆ ಹೊದಿಸುವ ಕೌಲಿಂಗನ್ನು ಹೊಸದಾಗಿ ರೂಪಿಸಿದರು. ಬಯಲಿಗೆ ಬಿಟ್ಟ ಎಂಜಿನ್ನಿಗಿಂತ ಸರಿಯಾಗಿ ಹೊದಿಸಿದ ಎಂಜಿನ್ ಗಾಳಿಯನ್ನು ಕಡಿಮೆ ತಡೆಯುತ್ತದೆ, ಜೊತೆಗೆ ತಕ್ಕಷ್ಟು ತಣಿಯುತ್ತದೆ ಎಂಬುದನ್ನು ಅವರು ತೋರಿಸಿದರು. ಅದೇ ಎಂಜಿನ್ನಿನ ಕರ್ಟಿಸ್ ವಿಮಾನವೊಂದರ ವೇಗ ಗಂಟೆಗೆ 118 ಮೈಲಿಯಿಂದ 137 ಮೈಲಿಗೆ ಏರಿತು. ತಣಿಸುವುದಕ್ಕೆ ಬೇಕಾದುದು ಬರಿಯ ಗಾಳಿ ಸಾಲದು, ದಾರಿ ಹಿಡಿದು ಹೋಗುವ ಗಾಳಿ ಬೇಕು ಎಂಬ ಪಾಠ ಅಂದಿನಿಂದ ನೆಲೆನಿಂತಿತು.

ಸೆಸ್ನಾದಂಥ ವಿಮಾನದಲ್ಲಿ ಆ ದಾರಿ ಹೀಗಿದೆ. ಪ್ರೊಪೆಲರಿನ ಹಿಂದಿನ ಎರಡು ಬಾಯಿಗಳಿಂದ ಒಳಹೊಕ್ಕ ಗಾಳಿ ಎಂಜಿನ್ನಿನ ಮೇಲ್ಭಾಗದಲ್ಲಿ ಒತ್ತಾಗಿ ನಿಲ್ಲುತ್ತದೆ. ಎಂಜಿನ್ನಿನ ಸುತ್ತ ಬ್ಯಾಫಲ್ ಎಂಬ ತಗಡಿನ ತಡೆಗಳನ್ನು ಕಟ್ಟಿ, ಅವುಗಳ ಅಂಚಿಗೆ ಮೆತ್ತನೆಯ ರಬ್ಬರು ಪಟ್ಟಿಯನ್ನು ಹಚ್ಚಿ, ಅದು ಕೌಲಿಂಗಿನ ಒಳಮೈಗೆ ಒತ್ತಿ ನಿಲ್ಲುವಂತೆ ಮಾಡಿರುತ್ತಾರೆ. ಬೇರೆ ದಾರಿ ಕಾಣದ ಗಾಳಿಯು ಫಿನ್ನುಗಳ ಸಂದಿನಿಂದ ಕೆಳಗಿಳಿದು ಎಂಜಿನ್ನಿನ ಅಡಿಯ ತೆರವಿನಿಂದ ಹೊರಬೀಳುತ್ತದೆ. ಮೇಲಿನ ಒತ್ತಡಕ್ಕೂ ಕೆಳಗಿನ ಒತ್ತಡಕ್ಕೂ ಇರುವ ಅಂತರ ಕೆಲವೇ ಅಂಗುಲ ನೀರಿನ ಮಟ್ಟದಷ್ಟು. ಇಡೀ ಎಂಜಿನ್ನಿನ ಆರೋಗ್ಯ ಈ ಅಲ್ಪ ಅಂತರದ ಮೇಲೆ ನಿಂತಿದೆ. ಕಾಲುವೆಯ ಏರಿಯಲ್ಲಿ ಏಡಿ ಕೊರೆದ ಬಿಲದಿಂದ ಗದ್ದೆಯ ನೀರು ಬತ್ತುವಂತೆ, ಬ್ಯಾಫಲಿನ ಒಂದು ಸೀಳಿನಿಂದ ಸಿಲಿಂಡರಿನ ಗಾಳಿ ಬತ್ತುತ್ತದೆ.

ಮೊದಲು ಸಾಕ್ಷಿಯ ಪರೀಕ್ಷೆ

ಎಂಜಿನ್ ತಯಾರಕರು ಎಲ್ಲೆಯನ್ನು ಗೊತ್ತುಪಡಿಸಿರುತ್ತಾರೆ. ಲೈಕಮಿಂಗ್‌ನ ಬಹುಪಾಲು ಎಂಜಿನ್ನುಗಳಲ್ಲಿ ಸಿಲಿಂಡರ್ ತಲೆಯ ತಾಪ 260 ಡಿಗ್ರಿ ಸೆಲ್ಸಿಯಸ್ ಮೀರಕೂಡದು. ಆದರೆ ಅದು ಗೋಡೆ. ಗೋಡೆಗೆ ತಾಗಿಯೇ ನಡೆಯಬೇಕೆಂದಿಲ್ಲ. ಎಂಜಿನ್ ಬಹುಕಾಲ ಬಾಳಬೇಕಾದರೆ ಹೆಚ್ಚು ಶಕ್ತಿಯ ಸಮಹಾರಾಟದಲ್ಲಿ ತಾಪವನ್ನು 224 ಡಿಗ್ರಿಗಿಂತ ಕೆಳಗೆ, ಮಿತವ್ಯಯದ ಶಕ್ತಿಯಲ್ಲಿ ಹಾರುವಾಗ 204ಕ್ಕಿಂತ ಕೆಳಗೆ ಇಟ್ಟುಕೊಳ್ಳಬೇಕೆಂದು ಅವರೇ ಸಲಹೆ ಮಾಡುತ್ತಾರೆ. ಎಂಜಿನ್ ಆಯಿಲಿನ ಮೇಲೆಲ್ಲೆ 118 ಡಿಗ್ರಿ. ಹಿತವಾದ ತಾಪ 82ರ ಆಸುಪಾಸು. ತಾಪ ಏರಿದಂತೆಲ್ಲ ಅಲ್ಯೂಮಿನಿಯಮ್ಮಿನ ಕಸುವು ಇಳಿಯುತ್ತದೆ. ಇಂದಿನ ಅತಿತಾಪದ ಫಲ ಇಂದೇ ಕಾಣಬೇಕೆಂದಿಲ್ಲ. ನೂರು ಗಂಟೆಗಳ ತರುವಾಯ ಬಿರುಕಾಗಿಯೋ ಸುಟ್ಟ ಕವಾಟವಾಗಿಯೋ ಅದು ತಲೆಯೆತ್ತಬಹುದು.

ಮಾಪಕದ ಮುಳ್ಳು ಕೆಂಪುಗೆರೆಯತ್ತ ಸರಿಯಿತೆಂದರೆ ನೆಲದ ಮೇಲಿನ ಮೊದಲ ಪ್ರಶ್ನೆ ಇದು: ಮುಳ್ಳು ನಿಜ ಹೇಳುತ್ತಿದೆಯೆ? ಕಾದ ಲೋಹಕ್ಕೆ ತನ್ನದೇ ಆದ ನಿಧಾನವಿದೆ. ಸಿಲಿಂಡರಿನ ತಲೆ ಒಂದು ಕ್ಷಣದಲ್ಲಿ ಐವತ್ತು ಡಿಗ್ರಿ ಏರಿ ಮರುಕ್ಷಣದಲ್ಲಿ ಐವತ್ತು ಇಳಿಯಲಾರದು. ಅಂಕಿ ಹಾಗೆ ಕುಣಿಯುತ್ತಿದ್ದರೆ ಸಡಿಲವಾದ ತಂತಿಯನ್ನೋ ಸವೆದ ಜೋಡಣೆಯನ್ನೋ ಮೊದಲು ಶಂಕಿಸಬೇಕು. ತಾಪವನ್ನು ಅಳೆಯುವ ಥರ್ಮೋಕಪಲನ್ನು ಸಿಲಿಂಡರ್ ತಲೆಯ ಗುಳಿಯಲ್ಲಿ ಕೂರಿಸುವುದುಂಟು, ಸ್ಪಾರ್ಕ್ ಪ್ಲಗ್ಗಿನ ಕೆಳಗೆ ಬಿಲ್ಲೆಯಾಗಿ ಹಾಕುವುದೂ ಉಂಟು. ಎರಡೂ ತೋರುವ ಅಂಕಿ ಒಂದೇ ಆಗಿರುವುದಿಲ್ಲ. ಆಯಿಲಿನ ಮಾಪಕವನ್ನು ಪರೀಕ್ಷಿಸುವ ಕ್ರಮವಂತೂ ಅಡುಗೆಮನೆಯಷ್ಟು ಸರಳ. ಅದರ ತುದಿಯನ್ನು ಹೊರತೆಗೆದು ಕುದಿಯುವ ನೀರಿನಲ್ಲಿ ಅದ್ದಿದರೆ ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ ತೋರಬೇಕು. ಹೊಸೂರು, ಬೆಂಗಳೂರುಗಳ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ ಎಂಬುದನ್ನು ಮರೆಯದಿದ್ದರೆ ಸಾಕು. ಇಷ್ಟನ್ನು ಮಾಡದೆ ಎಂಜಿನ್ ಬಿಚ್ಚಲು ಹೊರಟರೆ, ಸುಳ್ಳುಸಾಕ್ಷಿಯ ಮಾತು ಕೇಳಿ ನಿರಪರಾಧಿಯನ್ನು ಶಿಕ್ಷಿಸಿದಂತಾಗುತ್ತದೆ.

ಒಂದೋ, ಎಲ್ಲವೋ?

ಮಾಪಕ ಸರಿಯೆಂದು ಗೊತ್ತಾದ ಮೇಲೆ ಎರಡನೆಯ ಪ್ರಶ್ನೆ: ಕಾಯುತ್ತಿರುವುದು ಒಂದು ಸಿಲಿಂಡರೋ, ಎಲ್ಲ ಸಿಲಿಂಡರುಗಳೋ? ಹಳೆಯ ವಿಮಾನಗಳಲ್ಲಿ ಒಂದೇ ಸಿಲಿಂಡರಿಗೆ ಮಾಪಕವಿರುತ್ತಿತ್ತು, ಕೆಲವೊಮ್ಮೆ ಅದೂ ಇರುತ್ತಿರಲಿಲ್ಲ. ಇಂದಿನ ವಿದ್ಯುನ್ಮಾನ ಫಲಕಗಳು ಪ್ರತಿ ಸಿಲಿಂಡರಿನ ತಾಪವನ್ನೂ, ಅದರಿಂದ ಹೊರಬೀಳುವ ಅನಿಲದ ತಾಪವನ್ನೂ ಬೇರೆಬೇರೆಯಾಗಿ ತೋರಿಸುತ್ತವೆ. ಇವೆರಡನ್ನು ಜೊತೆಗಿಟ್ಟು ಓದುವುದರಲ್ಲಿಯೇ ಪತ್ತೆದಾರಿಕೆಯ ಅರ್ಧ ಅಡಗಿದೆ.

ಎಲ್ಲ ಸಿಲಿಂಡರುಗಳೂ ಒಟ್ಟಾಗಿ ಕಾದರೆ ಕಾರಣವೂ ಎಲ್ಲಕ್ಕೂ ಸಮಾನವಾದುದೇ ಇರಬೇಕು. ಚಾಲಕನು ಮೂತಿಯನ್ನು ಬಹಳ ಮೇಲೆತ್ತಿ ನಿಧಾನವಾಗಿ ಏರುತ್ತಿದ್ದರೆ ಗಾಳಿಯ ಒತ್ತಡ ಸಾಲದೆ ಹೋಗುತ್ತದೆ. ಇಂಧನದ ಮಿಶ್ರಣ ಬಡವಾಗಿದ್ದರೂ ಹಾಗೆಯೇ. ಪೂರ್ಣಶಕ್ತಿಯಲ್ಲಿ ಏರುವಾಗ ಎಂಜಿನ್ನಿಗೆ ಅಗತ್ಯಕ್ಕಿಂತ ಹೆಚ್ಚು ಇಂಧನವನ್ನು ಊಡುವುದು ದುಂದುವೆಚ್ಚವಲ್ಲ. ಆ ಹೆಚ್ಚಿನ ಇಂಧನ ಉರಿಯ ವೇಗವನ್ನು ತಗ್ಗಿಸಿ ಸಿಲಿಂಡರನ್ನು ತಂಪಾಗಿಡುತ್ತದೆ. ಇಂಧನ ಪಂಪಿನ ಹೊಂದಾಣಿಕೆ ತಪ್ಪಿದ್ದರೆ, ಇಲ್ಲವೆ ಥ್ರಾಟಲ್ ತಂತಿಯು ಕೊನೆಯವರೆಗೆ ಎಳೆಯದೆ ಕಾರ್ಬ್ಯುರೇಟರಿನ ಹೆಚ್ಚುವರಿ ಇಂಧನದ ದಾರಿ ತೆರೆಯದಿದ್ದರೆ ಆ ರಕ್ಷೆ ತಪ್ಪಿಹೋಗುತ್ತದೆ. ಮ್ಯಾಗ್ನೆಟೊ ಕಿಡಿ ಹಾರಿಸುವ ಸಮಯವೂ ಇಲ್ಲಿ ಮುಖ್ಯ. ಲೈಕಮಿಂಗ್‌ನ ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಮೇಲ್‌ತುದಿ ಮುಟ್ಟುವುದಕ್ಕೆ 25 ಡಿಗ್ರಿ ಮೊದಲು ಕಿಡಿ ಹಾರಬೇಕು. ಅದಕ್ಕೂ ಮುಂಚೆ ಹಾರಿದರೆ ಉರಿಯ ಒತ್ತಡವೆಲ್ಲ ಸಿಲಿಂಡರಿನ ಮೇಲೆ ಬೀಳುತ್ತದೆ. ಆಗ ಸಿಲಿಂಡರ್ ತಲೆ ಕಾಯುತ್ತದೆ, ಹೊರಬೀಳುವ ಅನಿಲ ಮಾತ್ರ ತಂಪಾಗುತ್ತದೆ. ತಡವಾಗಿ ಹಾರಿದರೆ ಇದಕ್ಕೆ ವಿರುದ್ಧ. ಎರಡು ಮಾಪಕಗಳೂ ಎದುರುಬದುರಾಗಿ ಸಾಗುವುದನ್ನು ಕಂಡ ಅನುಭವಿಯು ನೇರವಾಗಿ ಮ್ಯಾಗ್ನೆಟೊದ ಬಳಿಗೆ ಹೋಗುತ್ತಾನೆ.

ಒಂದೇ ಸಿಲಿಂಡರ್ ಕಾದರೆ ಕಾರಣ ಅದರ ನೆರೆಯಲ್ಲಿಯೇ ಇರುತ್ತದೆ. ಬ್ಯಾಫಲಿನ ರಬ್ಬರು ಹಿಂದಕ್ಕೆ ಮಡಚಿಕೊಂಡಿರಬಹುದು. ಫಿನ್ನುಗಳ ನಡುವೆ ಎರಕದ ಕಾಲದ ಲೋಹದ ಸಿಪ್ಪೆ ಉಳಿದು ಗಾಳಿಯನ್ನು ತಡೆದಿರಬಹುದು. ಕೆಲವು ದಿನ ನಿಂತಿದ್ದ ವಿಮಾನದಲ್ಲಿ ಹಕ್ಕಿ ಗೂಡು ಕಟ್ಟಿರಬಹುದು, ಕಣಜವು ಮಣ್ಣಿನ ಮನೆ ಮಾಡಿರಬಹುದು. ಇಂಧನವನ್ನು ಚಿಮುಕಿಸುವ ಇಂಜೆಕ್ಟರಿನ ಸೂಕ್ಷ್ಮ ರಂಧ್ರದಲ್ಲಿ ಕಸ ಸಿಕ್ಕಿರಬಹುದು. ಗಾಳಿ ಒಳಬರುವ ಕೊಳವೆಯ ಬೆಸುಗೆಯಲ್ಲಿ ಸೋರಿಕೆ ಇರಬಹುದು. ವಿಮಾನದ ಪೆಟ್ರೋಲಿಗೆ ಬೆರೆಸಿದ ನೀಲಿ ಬಣ್ಣದ ಕಲೆ ಜೋಡಣೆಯ ಅಂಚಿನಲ್ಲಿ ಕಂಡರೆ ಅದು ಸೋರಿಕೆಯ ಗುರುತು. ಈ ಕೊನೆಯ ಎರಡನ್ನು ಬೇರ್ಪಡಿಸುವ ಉಪಾಯವೊಂದಿದೆ. ಕೊಳವೆಯ ಸೋರಿಕೆಯ ಬಾಧೆ ಎಂಜಿನ್ ಮೆಲ್ಲನೆ ನಡೆಯುವಾಗ ಹೆಚ್ಚು, ಪೂರ್ಣಶಕ್ತಿಯಲ್ಲಿ ಕಡಿಮೆ. ಇಂಜೆಕ್ಟರಿನ ಕಸದ ಬಾಧೆ ಇಂಧನ ಹೆಚ್ಚು ಹರಿಯಬೇಕಾದಾಗಲೇ ಹೆಚ್ಚು.

ಬೇಸಿಗೆಯ ಪಾಲೆಷ್ಟು?

ಒಂದು ಊಹೆಯ ಉದಾಹರಣೆಯಿಂದ ಈ ಕ್ರಮ ಸ್ಪಷ್ಟವಾದೀತು. ನಾಲ್ಕು ಸಿಲಿಂಡರುಗಳ ತರಬೇತಿ ವಿಮಾನವೊಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಏರುತ್ತಿರುವಾಗ ಮೂರನೆಯ ಸಿಲಿಂಡರ್ 235 ಡಿಗ್ರಿ ತೋರಿತು. ಉಳಿದ ಮೂರು 205ರ ಸುಮಾರಿನಲ್ಲಿದ್ದವು. ಬೇಸಿಗೆ ತಾನೆ, ಇಷ್ಟು ಕಾಯುವುದು ಸಹಜ ಎಂದು ಯಾರಾದರೂ ಹೇಳಿಯಾರು. ಆದರೆ ಡಿಸೆಂಬರಿನ ದಾಖಲೆ ತೆಗೆದು ನೋಡಿದರೆ ಆಗ ಮೂರನೆಯದು 205, ಉಳಿದವು 190. ಆ ದಿನ ಹೊರಗಿನ ಗಾಳಿ 22 ಡಿಗ್ರಿ, ಈ ದಿನ 37. ಹೊರಗಿನ ತಾಪ ಎಷ್ಟು ಡಿಗ್ರಿ ಏರುತ್ತದೆಯೋ ಸಿಲಿಂಡರಿನ ತಾಪವೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಹಾಗಾದರೆ ಬೇಸಿಗೆಯ ಪಾಲು 15 ಡಿಗ್ರಿ. ಉಳಿದ ಮೂರು ಸಿಲಿಂಡರುಗಳು ಏರಿದ್ದೂ ಅಷ್ಟೇ. ಮೂರನೆಯದು 30 ಡಿಗ್ರಿ ಏರಿದೆ. ಹೆಚ್ಚಾದ 15 ಡಿಗ್ರಿಗೆ ಬೇಸಿಗೆ ಜವಾಬ್ದಾರಿಯಲ್ಲ.

ಈಗ ದುರಸ್ತಿಗಾರನು ಮೂರನೆಯ ಮತ್ತು ನಾಲ್ಕನೆಯ ಸಿಲಿಂಡರುಗಳ ಥರ್ಮೋಕಪಲುಗಳನ್ನು ಅದಲುಬದಲು ಮಾಡುತ್ತಾನೆ. ಮುಂದಿನ ಹಾರಾಟದಲ್ಲಿ ಹೆಚ್ಚಿನ ಅಂಕಿ ನಾಲ್ಕಕ್ಕೆ ಜರುಗಿದರೆ ತಪ್ಪು ಅಳತೆಯದು. ಮೂರರಲ್ಲಿಯೇ ಉಳಿದರೆ ಬಿಸಿ ನಿಜ. ಅದು ಮೂರರಲ್ಲಿಯೇ ಉಳಿಯಿತೆನ್ನೋಣ. ಹೊರಬೀಳುವ ಅನಿಲದ ತಾಪ ನಾಲ್ಕರಲ್ಲಿಯೂ ಹಿಂದಿನಂತೆಯೇ ಇದೆ. ಆದುದರಿಂದ ಇಂಧನವೂ ಕಿಡಿಯೂ ಸರಿಯಾಗಿವೆ. ಉಳಿದದ್ದು ಗಾಳಿ. ಕೌಲಿಂಗ್ ಬಿಚ್ಚಿ ಅದರ ಒಳಮೈಯನ್ನು ನೋಡಿದರೆ ರಬ್ಬರು ಪಟ್ಟಿ ಉಜ್ಜಿದ ಕಪ್ಪುಗೆರೆ ಉದ್ದಕ್ಕೂ ಕಾಣಬೇಕು. ಬಲಬದಿಯ ಹಿಂದಿನ ಮೂಲೆಯಲ್ಲಿ, ಅಂದರೆ ಲೈಕಮಿಂಗ್ ಎಂಜಿನ್ನಿನಲ್ಲಿ ಮೂರನೆಯ ಸಿಲಿಂಡರ್ ಇರುವಲ್ಲಿಯೇ, ಆ ಗೆರೆ ಒಂದು ಗೇಣು ಕಡಿದುಹೋಗಿದೆ. ಹಿಂದಿನ ಸಲ ಕೌಲಿಂಗ್ ಮುಚ್ಚುವಾಗ ಪಟ್ಟಿಯು ಒಳಮುಖವಾಗಿ ಬಾಗುವ ಬದಲು ಹಿಂದಕ್ಕೆ ಮಡಚಿಕೊಂಡಿತ್ತು. ಒಳಮುಖವಾಗಿ ಬಾಗಿದ ಪಟ್ಟಿಯನ್ನು ಗಾಳಿಯ ಒತ್ತಡವೇ ಕೌಲಿಂಗಿಗೆ ಒತ್ತಿ ಹಿಡಿಯುತ್ತದೆ. ಹಿಂದಕ್ಕೆ ಮಡಚಿದ್ದನ್ನು ಅದೇ ಒತ್ತಡ ಇನ್ನಷ್ಟು ತೆರೆಯುತ್ತದೆ. ಪಟ್ಟಿಯನ್ನು ಸರಿಪಡಿಸಿದರೆ ಮೂರನೆಯದು ಬೇಸಿಗೆಗೆ ತಕ್ಕ 220ಕ್ಕೆ ಮರಳುತ್ತದೆ.

ಇದೇ ಎಂಜಿನ್ನಿನಲ್ಲಿ ಅವಸರಗಾರನು ಮೂರನೆಯ ಸಿಲಿಂಡರನ್ನೇ ಕಳಚಿ ಹೊಸದನ್ನು ಹಾಕಬಹುದಿತ್ತು. ದೊಡ್ಡ ಖರ್ಚು ಮಾಡಿಯೂ ಬಿಸಿ ಹಾಗೆಯೇ ಉಳಿಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸಿಲಿಂಡರನ್ನು ಹಿಡಿದಿಡುವ ಬೋಲ್ಟುಗಳಲ್ಲಿ ಕೆಲವು ಎಂಜಿನ್ನಿನ ಒಡಲಿನ ಎರಡು ಭಾಗಗಳನ್ನೂ ಒಳಗಿನ ಬೇರಿಂಗುಗಳನ್ನೂ ಬಿಗಿಯಾಗಿಡುತ್ತವೆ. ಮತ್ತೆ ಬಿಗಿಯುವಾಗ ಗೊತ್ತಾದ ಬಲ ತಪ್ಪಿದರೆ ಬೇರಿಂಗು ಜರುಗಿ ಎಂಜಿನ್ನೇ ಹಾರಾಟದ ನಡುವೆ ಒಡೆಯಬಹುದು. ಚಿಕಿತ್ಸೆಯೇ ರೋಗವಾಗುವುದು ಹೀಗೆ. ಕಡಿಮೆ ಬಿಚ್ಚುವ, ಕಡಿಮೆ ವೆಚ್ಚದ, ಸುಲಭವಾಗಿ ಹಿಂದಕ್ಕೆ ತರಬಹುದಾದ ಪರೀಕ್ಷೆಯಿಂದ ಆರಂಭಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದಾಗ ಬಿಸಿ ಇಳಿದರೂ ಯಾವುದರಿಂದ ಇಳಿಯಿತೆಂಬುದು ತಿಳಿಯುವುದಿಲ್ಲ. ತಿಳಿಯದ ದೋಷ ಮರಳಿ ಬರಲು ದಾರಿ ತೆರೆದೇ ಇರುತ್ತದೆ.

ಆಯಿಲ್ ಮತ್ತು ಇಂಧನ

ಸಿಲಿಂಡರುಗಳು ತಣ್ಣಗಿದ್ದು ಆಯಿಲ್ ಮಾತ್ರ ಕಾಯುವುದೂ ಉಂಟು. ಆಗ ಮೊದಲು ನೋಡಬೇಕಾದುದು ಆಯಿಲಿನ ಮಟ್ಟ. ಸೆಸ್ನಾ 172ರ 180 ಅಶ್ವಶಕ್ತಿಯ ಎಂಜಿನ್ನಿನ ತೊಟ್ಟಿ 8 ಕ್ವಾರ್ಟ್, ಅಂದರೆ ಸುಮಾರು ಏಳೂವರೆ ಲೀಟರ್ ಹಿಡಿಯುತ್ತದೆ. 5 ಕ್ವಾರ್ಟಿಗಿಂತ ಕಡಿಮೆಯಿದ್ದರೆ ಹಾರಕೂಡದು. ಕಡಿಮೆ ಆಯಿಲ್ ಎಂದರೆ ಅದೇ ಬಿಸಿಯನ್ನು ಹೊರಲು ಕಡಿಮೆ ಆಳು. ಆಯಿಲ್ ಕೂಲರಿನ ಸಂದುಗಳಲ್ಲಿ ಧೂಳು, ಹುಲ್ಲು, ಕೀಟಗಳು ಸೇರಿದ್ದರೆ ಗಾಳಿ ಹಾಯುವುದಿಲ್ಲ. ತಾಪವನ್ನು ಹದದಲ್ಲಿಡುವ ಚಿಕ್ಕ ಕವಾಟವೊಂದು ತಣ್ಣಗಿನ ಆಯಿಲನ್ನು ಕೂಲರಿಗೆ ಕಳಿಸದೆ ಅಡ್ಡದಾರಿಯಲ್ಲಿ ಬಿಡುತ್ತದೆ. ಸುಮಾರು 85 ಡಿಗ್ರಿಗೆ ಅದು ಹಿಗ್ಗಿ ಅಡ್ಡದಾರಿಯನ್ನು ಮುಚ್ಚುತ್ತದೆ. ಅದರ ಪೀಠ ಸವೆದರೆ ಕಾದ ಆಯಿಲೂ ಕೂಲರಿಗೆ ಹೋಗದೆ ತಪ್ಪಿಸಿಕೊಳ್ಳುತ್ತದೆ. ಇವೆಲ್ಲವೂ ಸರಿಯಿದ್ದರೆ ಸವೆದ ಪಿಸ್ಟನ್ ಉಂಗುರಗಳನ್ನು ಶಂಕಿಸಬೇಕು. ಅವುಗಳ ಸಂದಿನಿಂದ ಉರಿಯುವ ಅನಿಲ ನುಸುಳಿ ಆಯಿಲನ್ನು ಕಾಯಿಸುತ್ತದೆ.

ಎಲ್ಲಕ್ಕಿಂತ ಭಯಂಕರವಾದ ಬಿಸಿ ತಪ್ಪು ಇಂಧನದ್ದು. ಪಿಸ್ಟನ್ ವಿಮಾನಗಳಿಗೆ ಬೇಕಾದುದು ನೀಲಿ ಬಣ್ಣದ ಆವ್‌ಗ್ಯಾಸ್. ಹೊರದೇಶದಿಂದ ಬರುತ್ತಿದ್ದ ಇದನ್ನು 2022ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು ದೇಶದಲ್ಲಿಯೇ ತಯಾರಿಸಿ ಬಿಡುಗಡೆ ಮಾಡಿತು. ಜೆಟ್ ವಿಮಾನಗಳ ಇಂಧನ ಸೀಮೆಎಣ್ಣೆಯ ಜಾತಿಯದು. ಅದು ಪಿಸ್ಟನ್ ವಿಮಾನದ ತೊಟ್ಟಿಯಲ್ಲಿ ಬೆರೆತರೆ ಎಂಜಿನ್ ನೆಲದ ಮೇಲೆ ಸರಿಯಾಗಿಯೇ ನಡೆದಂತೆ ತೋರಿ, ಮೇಲೇಳುವ ಹೊತ್ತಿಗೆ ಕೈಕೊಡಬಲ್ಲದು. ಸಿಲಿಂಡರಿನೊಳಗೆ ಇಂಧನವು ಹದವಾಗಿ ಉರಿಯುವ ಬದಲು ಸಿಡಿಯುತ್ತದೆ, ತಾಪ ಕ್ಷಣಕ್ಷಣಕ್ಕೂ ಏರುತ್ತದೆ, ಪಿಸ್ಟನ್ನಿಗೆ ತೂತು ಬೀಳುತ್ತದೆ. ಇದನ್ನು ತಡೆಯುವ ಸಾಧನಗಳು ಕಣ್ಣು, ಮೂಗು ಮತ್ತು ಒಂದು ಚೂರು ಬಿಳಿಯ ಕಾಗದ. ಆವ್‌ಗ್ಯಾಸಿನ ಹನಿ ಕಾಗದದ ಮೇಲೆ ಬಿದ್ದು ಆರಿಹೋಗುತ್ತದೆ. ಜೆಟ್ ಇಂಧನ ಬೆರೆತಿದ್ದರೆ ಜಿಡ್ಡಿನ ಉಂಗುರ ಉಳಿಯುತ್ತದೆ.

ಎಲ್ಲ ಎಂಜಿನ್ನುಗಳೂ ಗಾಳಿಯನ್ನೇ ನಂಬಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಹಂಸ–3 ವಿಮಾನದ ರೋಟಾಕ್ಸ್ ಎಂಜಿನ್ನಿನಲ್ಲಿ ಸಿಲಿಂಡರಿನ ಕೊಳವೆಯನ್ನು ಗಾಳಿ ತಣಿಸಿದರೆ ತಲೆಯನ್ನು ದ್ರವ ತಣಿಸುತ್ತದೆ. ಅಲ್ಲಿ ದ್ರವದ ಸೋರಿಕೆ, ಕೊಳವೆಯಲ್ಲಿ ಸಿಕ್ಕ ಗುಳ್ಳೆ, ರೇಡಿಯೇಟರಿನ ತಡೆ ಇವೂ ಪಟ್ಟಿಗೆ ಸೇರುತ್ತವೆ. ಪ್ರಶ್ನೆಗಳ ಸರಣಿ ಮಾತ್ರ ಅದೇ.

ಆಕಾಶದಲ್ಲಿ ಮತ್ತು ನೆಲದಲ್ಲಿ

ಈ ವಿಚಾರಣೆಯೆಲ್ಲ ನೆಲದ ಮೇಲಿನದು. ಆಕಾಶದಲ್ಲಿರುವ ಚಾಲಕನು ಕಾರಣ ಹುಡುಕುತ್ತ ಕೂರುವಂತಿಲ್ಲ. ಮುಳ್ಳು ಸುಳ್ಳಿರಬಹುದೆಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವಂತೆಯೂ ಇಲ್ಲ. ಅವನ ಕೆಲಸ ಬಿಸಿ ಇಳಿಸುವುದು, ಕೆಳಗಿಳಿಯುವುದು. ಮೂತಿಯನ್ನು ತಗ್ಗಿಸಿ ವೇಗ ಹೆಚ್ಚಿಸಿಕೊಂಡರೆ ಗಾಳಿ ಹೆಚ್ಚು ದೊರೆಯುತ್ತದೆ. ಸೆಸ್ನಾ 172ರ ಒಂದು ಮಾದರಿಯಲ್ಲಿ ಬೇಗ ಎತ್ತರ ಗಳಿಸುವ ವೇಗ ಸಮುದ್ರಮಟ್ಟದಲ್ಲಿ 74 ನಾಟ್. ದಾರಿಯುದ್ದಕ್ಕೂ ಏರುವಾಗ 75ರಿಂದ 85 ನಾಟ್ ಇಟ್ಟುಕೊಳ್ಳಬಹುದು. ಮಿಶ್ರಣವನ್ನು ಸಮೃದ್ಧಗೊಳಿಸಬೇಕು, ಕೌಲಿಂಗಿಗೆ ತೆರೆಯುವ ಬಾಗಿಲಿದ್ದರೆ ತೆರೆಯಬೇಕು, ಶಕ್ತಿಯನ್ನು ತಗ್ಗಿಸಬೇಕು. ಆಯಿಲಿನ ತಾಪ ಏರುತ್ತಿರುವಾಗಲೇ ಅದರ ಒತ್ತಡ ಇಳಿಯುತ್ತಿದ್ದರೆ ಸಂಶಯಕ್ಕೆ ಎಡೆಯಿಲ್ಲ: ಎಂಜಿನ್ ಯಾವ ಕ್ಷಣದಲ್ಲಾದರೂ ನಿಲ್ಲಬಹುದೆಂದು ತಿಳಿದು, ಅದು ಇನ್ನೂ ನಡೆಯುತ್ತಿರುವಾಗಲೇ ಇಳಿಯಲು ತಕ್ಕ ಬಯಲನ್ನು ಆರಿಸಿಕೊಳ್ಳಬೇಕು.

ಇಂಥ ಕ್ಷಣಗಳು ಬಾರದಂತೆ ನೋಡಿಕೊಳ್ಳುವವನು ಹ್ಯಾಂಗರಿನಲ್ಲಿರುವ ವಿಮಾನ ನಿರ್ವಹಣಾ ಎಂಜಿನಿಯರ್. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದ ಅವನು ಸಹಿ ಹಾಕಿದ ಮೇಲೆಯೇ ದುರಸ್ತಿಯಾದ ವಿಮಾನ ಮತ್ತೆ ಹಾರಾಟಕ್ಕೆ ಬಿಡುಗಡೆಯಾಗುತ್ತದೆ. ಅವನ ದೊಡ್ಡ ಶತ್ರು ಬಿಸಿಯಲ್ಲ, ರೂಢಿ. ಮೂರನೆಯದು ಯಾವಾಗಲೂ ಸ್ವಲ್ಪ ಕಾಯುತ್ತದೆ ಎಂಬ ಮಾತು ತಿಂಗಳುಗಟ್ಟಲೆ ಬಾಯಿಂದ ಬಾಯಿಗೆ ಹೋದರೆ ಆ ಸ್ವಲ್ಪವು ಐದು ಡಿಗ್ರಿಯಿಂದ ಹತ್ತಕ್ಕೆ, ಹತ್ತರಿಂದ ಮೂವತ್ತಕ್ಕೆ ಬೆಳೆದರೂ ಯಾರ ಕಿವಿಗೂ ಬೀಳುವುದಿಲ್ಲ. ಕೆಂಪುಗೆರೆ ದಾಟದಿದ್ದರೆ ಚಿಂತೆಯಿಲ್ಲ ಎನ್ನುವವನು ಡಿಸೆಂಬರಿನ ಅಂಕಿಯನ್ನು ಬರೆದಿಟ್ಟುಕೊಳ್ಳುವುದಿಲ್ಲ. ಬರೆದಿಡದವನಿಗೆ ಏಪ್ರಿಲಿನ ಅಂಕಿ ಏನನ್ನೂ ಹೇಳುವುದಿಲ್ಲ. ಹೊರಗಿನ ತಾಪ, ಎತ್ತರ, ವೇಗ, ನಾಲ್ಕು ಸಿಲಿಂಡರುಗಳ ಅಂಕಿ ಇಷ್ಟನ್ನು ಪ್ರತಿ ಹಾರಾಟದಲ್ಲಿ ಒಂದು ಸಾಲಿನಲ್ಲಿ ಬರೆದಿಡಲು ಎರಡು ನಿಮಿಷ ಸಾಕು. ಮರುದಿನ ಬೆಳಿಗ್ಗೆ ಅದೇ ವಿಮಾನದಲ್ಲಿ ಮೊದಲ ಬಾರಿಗೆ ಒಂಟಿಯಾಗಿ ಹಾರಲಿರುವ ಹದಿನೆಂಟರ ಹುಡುಗಿಗೆ ಎಂಜಿನ್ನಿನ ಒಳಗೇನಿದೆಯೆಂದು ಕಾಣದು. ಅವಳು ನಂಬುವುದು ಆ ಸಾಲುಗಳನ್ನು, ಅವುಗಳ ಕೆಳಗಿನ ಸಹಿಯನ್ನು.